ಜಾರಿದ ಲಾಡಿ

ಗ್ರಿಮ್ಸ್‌ಬಿ. ರಾತ್ರಿ ಪಾಳಿ. ಆಪರೇಷನ್ನಾಗಿ ಮೂರನೇ ದಿನ.
ಬ್ಲೆಂಕಿನ್ನನ ಹೊಟ್ಟೆಗೆ ಸ್ಟೆತಸ್ಕೋಪು ಒತ್ತಿ ನಿಂತಿದ್ದೇನೆ.
ಹೊಲಿಗೆಯ ಕೆಳಗೆ ಇಪ್ಪತ್ತು ಅಡಿ ಮೌನ.

"ಸ್ಟಾರ್ಟಾಯ್ತಾ?" ಅಂದ,
ಮೂವತ್ತು ವರ್ಷ ಮೀನುದೋಣಿಯ ಎಂಜಿನ್ನಿಗೆ ಎಣ್ಣೆ ಬಿಟ್ಟವನು.
ಇಲ್ಲ.
ಕತ್ತರಿ ತಾಗಿದರೆ ಮುನಿಯುತ್ತದೆ ಕರುಳು,
ಕೈಕಾಲಿನಂತೆ ಹೇಳಿದ್ದು ಕೇಳುವ ಪೈಕಿಯಲ್ಲ.

ಅವನ ಪೈಜಾಮದ ಲಾಡಿ ಒಳಗೆ ಜಾರಿಹೋಗಿತ್ತು.
ತುದಿಗೆ ಪಿನ್ನು ಚುಚ್ಚಿ ಪಟ್ಟಿಯೊಳಗೆ ತೂರಿಸುತ್ತ ತೋರಿಸಿದೆ:
ನೋಡು, ಹೀಗೇ.
ಹಿಂದೆ ಬಟ್ಟೆ ಮುದುರಬೇಕು, ಮುಂದೆ ಸಡಿಲಬೇಕು,
ಪಿನ್ನು ಒಂದಂಗುಲ ಹೋಯಿತು.
ಮತ್ತೆ ಮುದುರು, ಮತ್ತೆ ಸಡಿಲು.
ತಲೆಕೆಳಗಾಗಿ ನಿಂತು ನುಂಗಿದರೂ ತುತ್ತು
ದಾರಿ ತಪ್ಪದ್ದು ಇದರಿಂದ.

ಅವನು ಕೇಳುತ್ತಿದ್ದ, ನನ್ನನ್ನಲ್ಲ,
ತನ್ನೊಳಗನ್ನು.

ನಾಲ್ಕಕ್ಕೆ, ಡಾಕಿನ ಕಡೆ ಕಡಲಹಕ್ಕಿ ಕಿರುಚುವಾಗ,
ಹಳೇ ನಲ್ಲಿ ಕೆಮ್ಮಿದಂತೆ ಒಂದು ಗುಳುಕ್.
ತಡೆದು, ಇನ್ನೊಂದು.
ಆಮೇಲೆ ಚಾದರದಡಿಯಿಂದ
ನಾಚಿಕೆಯಿಲ್ಲದ, ನೀಳವಾದ ಹೂಸು.

ಪಕ್ಕದ ಹಾಸಿಗೆಯ ಮಾಲ್ಕಮ್ ಕತ್ತಲಲ್ಲೇ ಚಪ್ಪಾಳೆ ತಟ್ಟಿದ.
"ಸಾರಿ, ಸಿಸ್ಟರ್."
ಚಾರ್ಟಿನಲ್ಲಿ ಬರೆದೆ: ೪.೧೦, ಗಾಳಿ ಹೋಯಿತು.
ಬೆಳಿಗ್ಗೆ ನೀರು ಕೊಡಬಹುದು,
ಗುಟುಕು ಗುಟುಕಾಗಿ.