ಪತ್ರೆ ಹಬ್ಬ

ಗುಂತಕಲ್ಲಿನ ಲೋಕೋ ಶೆಡ್ಡಿನ ಹಿಂದೆ
ಹಳೇ ಬಂಗಲೆ ಸಾಲಿನಲ್ಲಿ
ನೆರಳೂ ನೆರಳು ಹುಡುಕುವ ಮಾರ್ಚಿಯಲ್ಲಿ
ಹಸಿರು ತೊಡುವ ಹಬ್ಬವೊಂದಿತ್ತು, ಹದಿನೇಳಕ್ಕೆ.

ಡ್ರೈವರ್ ಓಬ್ರಿಯನ್ ಮನೆಯ ಹಬ್ಬ.
ಅಷ್ಟುದ್ದ ಕರೆಯಲು ಫೈರ್‌ಮನ್ನಿಗೆ ಪುರುಸೊತ್ತೆಲ್ಲಿ?
ಕಲ್ಲಿದ್ದಲು ಎರಚುತ್ತ ಓಬ್ರಯ್ಯ ಎಂದ,
ನಂಚೆರ್ಲ ದಾಟುವಷ್ಟರಲ್ಲಿ ಓಬಯ್ಯ.
ಮಸಿ ಮೆತ್ತಿದ ಆ ಮುಖಕ್ಕೆ ಅದೇ ಹೊಂದುತ್ತಿತ್ತು.
ಹೆಂಡತಿ ಮಾರೀನ್. ನಮ್ಮಜ್ಜಿ ಹಂಪಮ್ಮ
ಪಾತ್ರೆ ತಿಕ್ಕಲು ಹೋದ ಮೊದಲ ದಿನವೇ
ಮಾರೆಮ್ಮ ಎಂದುಬಿಟ್ಟಳು.
ಅದು ಸಿಡುಬಿನ ದೇವಿಯ ಹೆಸರೆಂದು ತಿಳಿದಾಗ
ಆಯಮ್ಮ ಒಂದಿಡೀ ದಿನ ಮಾತಾಡಲಿಲ್ಲ;
ಮರುದಿನ ತಲೆಗೆ ಬೇವಿನೆಲೆ ಸಿಕ್ಕಿಸಿಕೊಂಡು
ಬಾಗಿಲಲ್ಲಿ ನಿಂತು ನಕ್ಕಳಂತೆ.

ಸಂತನ ಹೆಸರು ಪ್ಯಾಟ್ರಿಕ್ಕು.
ಅವನ ಗುರುತು ಒಂದು ಪುಟ್ಟ ಎಲೆ,
ಅವನೂರಲ್ಲಿ ಕಾಲಿಗೆ ತೊಡರುವಷ್ಟು ಬೆಳೆಯುತ್ತದಂತೆ.
ಇಲ್ಲಿ ಕಾಲಿಗೆ ತೊಡರುವುದು ನೆಗ್ಗಿಲು ಮುಳ್ಳು.
ಮೂರು ದಳ, ಒಂದೇ ತೊಟ್ಟು ಎಂದು
ಮಾರೆಮ್ಮ ಗಾಳಿಯಲ್ಲಿ ಬರೆದು ತೋರಿಸಿದಾಗ
ಅಜ್ಜಿ ಸೀದಾ ಈಶ್ವರನ ಗುಡಿಗೆ ನಡೆದು
ಶಿವರಾತ್ರಿಗೆ ಉಳಿದ ಬಿಲ್ವ ತಂದಳು.
ತಂದೆ, ಮಗ, ಪವಿತ್ರಾತ್ಮ ಎಂದು ಒಬ್ಬಳ ಎಣಿಕೆ.
ಇನ್ನೊಬ್ಬಳು ಎಣಿಸಿದ್ದು ಮೂರು ಕಣ್ಣು.
ಲೆಕ್ಕ ಇಬ್ಬರಿಗೂ ಸರಿಹೋಯಿತು.
ಅಂದಿನಿಂದ ಕೇರಿಯ ಬಾಯಲ್ಲಿ
ಪ್ಯಾಟ್ರಿಕ್ಕು ಹೋಗಿ ಪತ್ರೆ.

ಬಿಲ್ವ ಸಿಗದ ವರ್ಷ ಮೆಂತ್ಯ.
ಬಿಸ್ಕತ್ತಿನ ಡಬ್ಬಿಯಲ್ಲಿ ಮಣ್ಣು ತುಂಬಿ
ಹತ್ತು ದಿನ ಮೊದಲೇ ಬಿತ್ತಬೇಕು;
ಬೆಳಿಗ್ಗೆ ಕೋಟಿನ ಕಾಜಕ್ಕೆ ಸಿಕ್ಕಿಸಿದ್ದು
ರಾತ್ರಿ ಬೇಳೆಗೆ ಬೀಳುತ್ತಿತ್ತು.
ಗಾರ್ಡ್ ಡಿಕ್ರೂಜ್ ಹಳೇ ಬಾವುಟ ಹರಿದು
ನಮ್ಮ ಮುಂಗೈಗೆ ಹಸಿರು ಪಟ್ಟಿ ಕಟ್ಟುವನು.
ಕಟ್ಟಿದ ಮೇಲೆ ನಾವು ಗಾಡಿ,
ಊಟಕ್ಕೆ ಕರೆದರೂ ನಿಲ್ಲುವ ಹಾಗಿಲ್ಲ.

ದ್ವೀಪದ ಹಾವುಗಳನ್ನೆಲ್ಲ ಸಮುದ್ರಕ್ಕೆ ಓಡಿಸಿದನಂತೆ ಸಂತ.
ಓಬಯ್ಯ ಕೈ ಬೀಸಿ ಹೇಳುತ್ತಿದ್ದ, ತಾನೇ ಕಂಡವನಂತೆ.
ಕಂಡ ಸಮುದ್ರ ಮದರಾಸಿನದು, ಅದೂ ಒಂದೇ ಸಲ.
ಮುತ್ತಜ್ಜ ಬಳ್ಳಾರಿ ದಂಡಿನ ಸಿಪಾಯಿ;
ಐರ್ಲೆಂಡೆಂದರೆ ಅವರ ಗೋಡೆಯ ಒಂದು ಕ್ಯಾಲೆಂಡರು,
ವರ್ಷ ಕಳೆದರೂ ಕೀಳದ್ದು.
"ಓಡಿಸಿದ, ಸರಿ. ಎಲ್ಲಿಗೆ ಓಡಿಸಿದ?"
ಅಜ್ಜಿ ಕೇಳಿದಳು. ಯಾರೂ ಉಸಿರೆತ್ತಲಿಲ್ಲ.
ಆ ವಾರವೇ ಕಲ್ಲಿದ್ದಲ ರಾಶಿಯಲ್ಲಿ ನಾಗರ ಹೆಡೆಯೆತ್ತಿತು.
"ಬಂದಿದ್ದಾನೆ ನೋಡಯ್ಯ, ನಿಮ್ಮೂರವನು"
ಎಂದು ಬಟ್ಟಲಲ್ಲಿ ಹಾಲಿಟ್ಟಳು.

ಎಪ್ಪತ್ತಾರೋ ಏಳೋ, ಆ ದ್ವೀಪದಲ್ಲೇ ಹುಟ್ಟಿದ
ಪಾದ್ರಿಯೊಬ್ಬ ರೈಲು ತಪ್ಪಿ ಈ ಊರಲ್ಲಿ ಉಳಿದ.
ಬಿಲ್ವ ನೋಡಿದ, ಪಟ್ಟಿ ನೋಡಿದ,
ಮೆಂತ್ಯದ ಬೇಳೆ ಎರಡು ಸಲ ಹಾಕಿಸಿಕೊಂಡ.
"ನಮ್ಮಲ್ಲಿ ಇಷ್ಟೆಲ್ಲ ಇಲ್ಲಪ್ಪ" ಎಂದ ಕೊನೆಗೆ,
"ಪೂಜೆಗೆ ಹೋಗುತ್ತೇವೆ. ಬಂದು ಆಲೂಗಡ್ಡೆ ತಿಂದು ಮಲಗುತ್ತೇವೆ."
ಓಬಯ್ಯ ಆ ರಾತ್ರಿ ಬಹಳ ಹೊತ್ತು
ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.
ಮುಂದಿನ ವರ್ಷ ಎರಡು ಡಬ್ಬಿ ಬಿತ್ತಿದ.

ಅವನ ಗೋರಿಗೆ ಅಕ್ಷರ ಕೆತ್ತಿದವನು ಬೇತಂಚೆರ್ಲದ ಕಲ್ಲುಕುಟಿಗ.
ಓ ಆದಮೇಲೆ ಮೇಲೆ ತೂಗುವ ಆ ಸಣ್ಣ ಕೊಂಬನ್ನು
ಚೀಟಿಯ ಮೇಲಿನ ನೊಣದ ಹಿಕ್ಕೆಯೆಂದು ಬಿಟ್ಟುಬಿಟ್ಟ.
ಮಾರೆಮ್ಮ ತಿದ್ದಿಸಲಿಲ್ಲ.

ಈಗ ಬಂಗಲೆಗಳಿಲ್ಲ, ಹೊಗೆಯಿಲ್ಲ, ಅಜ್ಜಿಯೂ ಇಲ್ಲ.
ಹದಿನೇಳಕ್ಕೆ ಹೋಗಿ, ನೆನೆಸಿದ ಒಂದು ಮೆಂತ್ಯದ ಕಾಳನ್ನು
ಕಲ್ಲಿನ ಆ ಬರಿದು ಜಾಗಕ್ಕೆ ಒತ್ತಿ ಬರುತ್ತೇನೆ.
ಹೋದ ವರ್ಷ ಸ್ವಲ್ಪ ಹೊತ್ತು ಕೂತಿದ್ದೆ.
ಇರುವೆಯೊಂದು ಬಂತು, ಮೂಸಿತು,
ಕಹಿಯೆಂದು ಹೊರಟುಹೋಯಿತು;
ಏನು ನೆನಪಾಯಿತೋ, ತಿರುಗಿ ಬಂದು
ಹೊತ್ತುಕೊಂಡು ನಡೆಯಿತು.