ಎರಡನೇ ಟ್ಯಾಂಕು

ಡ್ರಮ್ಮಿನಿಂದ ಸುರಿವಾಗ ಅದು ಬರೀ ನೀರು,
ಅಂಚಿನಲ್ಲಿ ಮಾತ್ರ ಒಂದಿಷ್ಟು ನೀಲಿ ನೆರಳು.
ಕಣ್ಣಿಗೆ ಕಾಣದಷ್ಟು ಸಣ್ಣ ಮರಳು ತುಂಬಿದೆ ಅಂತ
ಲ್ಯಾಬಿನ ಸೆಲ್ವಕುಮಾರಿ ಹೇಳಿದಾಗ ನಾನು ನಂಬಲಿಲ್ಲ.
ಮರಳಾದರೆ ತಳಕ್ಕೆ ಕೂರಬೇಡವೇ?

ಎಲ್ಲ ಕಣಕ್ಕೂ ಒಂದೇ ಚಾರ್ಜು ರತ್ನವೇಣಕ್ಕಾ,
ಒಂದಕ್ಕೊಂದು ಸೇರೋದಿಲ್ಲ.
ಓರಗಿತ್ತಿಯರ ಹಾಗಾ?
ಹೂಂ. ಒಂದೇ ಮನೆ, ಒಂದೇ ಒಲೆ,
ಸೆರಗು ತಾಗದ ಹಾಗೆ ಓಡಾಟ.
ಉಪ್ಪು ಬಿತ್ತೋ, ಆ ಮುನಿಸು ಮಂಕಾಗುತ್ತೆ.
ಹತ್ತಿರ ಬರ್ತಾವೆ. ಮುಟ್ತಾವೆ.
ಮುಟ್ಟಿದ್ದು ಬಿಡಲ್ಲ.

ಹೊಸೂರು, ಸಿಪ್‌ಕಾಟ್, ರಾತ್ರಿ ಪಾಳಿ.
ಮೇಣದ ಗೊಂಚಲು ಅದ್ದುವುದು, ತಿರುಗಿಸುವುದು, ನೇತುಹಾಕುವುದು.
ಟ್ಯಾಂಕಿನ ನೀರು ಆರುತ್ತಿತ್ತು,
ಶುದ್ಧನೀರಿನ ಪ್ಲಾಂಟು ಕೆಟ್ಟು ಎರಡು ದಿನ.
ಅಂಗಳದ ಬೋರ್‌ವೆಲ್‌ನಿಂದ ಎರಡು ಬಕೆಟ್ ತಂದು ಸುರಿದೆ:
ಬೇಳೆ ಬೇಯಿಸಲಾರದ ನೀರು,
ಸ್ಟೀಲ್ ಲೋಟಕ್ಕೆ ಬಿಳಿ ಗೆರೆ ಬಳಿಯುವ ನೀರು.
ಯಾರಿಗೆ ಗೊತ್ತಾಗುತ್ತೆ ಅಂತ.

ಕಪ್ಪು ಅದ್ದಿ ಎತ್ತಿ ಧಾರೆ ಕಡಿಯುವವರೆಗೆ ಎಣಿಸಬೇಕು.
ಹತ್ತೊಂಬತ್ತಿದ್ದದ್ದು ಮರುದಿನ ಇಪ್ಪತ್ತೇಳು.
ಅದರ ಮರುದಿನ ಎಣಿಸುತ್ತಲೇ ಇದ್ದೆ.

ಮೂರನೇ ರಾತ್ರಿ ಮೋಟಾರು ನರಳಿ ನಿಂತಿತು.
ಬೆರಳೊತ್ತಿದರೆ ಇಡೀ ಟ್ಯಾಂಕು ನಡುಗಿತು,
ಚೆಲ್ಲಲಿಲ್ಲ.
ಹೆಪ್ಪು ಹಾಕದೆ ಆದ ಮೊಸರು.
ನೀರು ಎಲ್ಲೂ ಹೋಗಿರಲಿಲ್ಲ, ಇದ್ದಷ್ಟೂ ಅಲ್ಲೇ ಇತ್ತು;
ಕಣ ಕಣ ಕೈಹಿಡಿದು ನೂಲಾಗಿ,
ನೂಲು ಬಲೆಯಾಗಿ,
ಬಲೆಯೊಳಗೆ ಹರಿಯುವುದು ಮರೆತು ಕೂತಿತ್ತು.

ಬೆಳಿಗ್ಗೆ ಇಂಜಿನಿಯರು ಬಂದು, ಯಾರು? ಅಂದರು.
ತಮಿಳಿನಲ್ಲೋ ಕನ್ನಡದಲ್ಲೋ,
ಆ ಮಾತು ಎರಡರಲ್ಲೂ ಅದೇ.
ಸೆಲ್ವಕುಮಾರಿ ಬಕೆಟ್ಟು ಕಂಡಿದ್ದಳು.
ಒಡಿಶಾದ ಧನೇಶ್ವರ ಬಾಗಿಲು ತೆರೆದುಕೊಟ್ಟಿದ್ದ.
ನನ್ನೊಡನೆ ಆರು ತಿಂಗಳಿಂದ ಮಾತು ಬಿಟ್ಟ ಯಲ್ಲಮ್ಮಯ್ಯ
ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ.
ಯಾರೂ ಉಸಿರೆತ್ತಲಿಲ್ಲ.
ನಾನು ಬಾಯಿ ತೆರೆದಾಗ
ಯಾರದೋ ಮೊಣಕೈ ನನ್ನ ಮೊಣಕೈ ಒತ್ತಿತು.
ಮುಚ್ಚಿದೆ.

ಆಮೇಲೆ ನಾಲ್ವರೂ ಸಲಿಕೆ ಹಿಡಿದು ಅಗೆದೆವು.

ಒಂದು ತುಂಡನ್ನು ಬಾಡಿಗೆ ಮನೆಯ ಕಿಟಕಿಯಲ್ಲಿಟ್ಟೆ.
ವಾರದಲ್ಲಿ ಕುಗ್ಗಿ ಉಗುರಿನಷ್ಟಾಯಿತು,
ಡಬ್ಬಿಯಲ್ಲಿ ಅಲ್ಲಾಡಿಸಿದರೆ ಕಿಣಿಕಿಣಿ.
ನಿನ್ನೆ ಅದರ ಮೇಲೆ ಬೋರ್ ನೀರನ್ನೇ ಹನಿಸಿದೆ.
ಕುಡಿಯಿತು.
ಚಟ್ ಅಂತ ಸೀಳಿತು.
ಮತ್ತೆ ಹಾಲಾಗಲಿಲ್ಲ.