ಕಾಲಂ ಒಂಬತ್ತು

ಲಕ್ಕುಂಡಿ, ಕುಂಬಾರ ಓಣಿ, ಮನೆ ನಂಬರ್ ನಲವತ್ತೊಂದು.
ಹುಲಿಗೆವ್ವ ಬೆಲ್ಲದ ಡಬ್ಬಿಯ ಮೇಲಿಂದ ಕಲ್ಲೆತ್ತಿ
ನನ್ನ ಅಂಗೈಗಿಟ್ಟಳು: ‘ಇದನ್ನೂ ಬರಕೋ ತಮ್ಮಾ.
ಮುಚ್ಚಳ ಸಡ್ಲ ಐತಿ, ಇರುವಿ ಹೊಗತಾವಂತ ಇಟ್ಟೇನಿ.’

ಬಳಪದ ಕಲ್ಲು. ಹಸಿರು ಬೆರೆತ ಬೂದಿ ಬಣ್ಣ.
ಅಡ್ಡಗಲ ಎಂಟೂವರೆ ಸೆಂಟಿಮೀಟರು.
ನಡುವೆ ತೂತು, ಆಚೆ ತನಕ ಹೋಗಿಲ್ಲ.
ಅಂಚಿಗೆ ಹದಿನಾರು ದಳ.
ಮತ್ತೊಮ್ಮೆ ಎಣಿಸಿದೆ, ಹದಿನೇಳು.

ಕಾಲಂ ಎಂಟರವರೆಗೆ ಪೆನ್ನು ತಡೆಯಿಲ್ಲದೆ ಓಡಿತು.
ಒಂಬತ್ತು: ಉಪಯೋಗ.

ಕಟ್ಟೆಯ ಮೇಲಿದ್ದವರು ಎದ್ದು ಬಂದರು.
ಅಕ್ಕಸಾಲಿ ಮೌನೇಶಪ್ಪ ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು
‘ತೂಕದ ಗುಂಡು. ಟಂಕಸಾಲಿ ಇತ್ತಲ್ಲ ಇಲ್ಲೆ’ ಅಂದ.
ಗಿರಣಿಯ ದಾವಲಸಾಬ ಒಪ್ಪಲಿಲ್ಲ:
‘ನಮ್ಮ ಮುತ್ತಜ್ಜಿ ತಕಲಿಗೆ ಇಂಥಾದ್ದ ಬಿಲ್ಲಿ ಇತ್ತರಿ.’
ತೂತು ಪೂರ್ತಿ ಇಲ್ಲವಲ್ಲ ಅಂದೆ.
‘ನೂಲಾಕಿ ಸತ್ತಿರಬೇಕು ಅಷ್ಟರಾಗ’ ಅಂದ.
ಪೂಜಾರರ ಹುಡುಗ ಫೋನು ತೀಡಿ ತೀಡಿ
ಯಾವುದೋ ದೇವರ ಆಯುಧದ ಹಿಡಿಕೆ ತೋರಿಸಿದಾಗ
ಹುಲಿಗೆವ್ವನ ಬೊಚ್ಚು ಬಾಯಿ ತುಂಬ ನಗೆ.
‘ದೇವರಿಗೂ ಇರುವಿ ಕಾಟ ಇತ್ತು ಅನ್ರಿ!’

ಗದಗಿನ ಬಸ್ಸಿಗೆ ಇನ್ನೂ ಹೊತ್ತಿತ್ತು.
‘ಇಲ್ಲೇ ತಂದು ಕೊಡ್ತೀನವ್ವಾ’ ಎಂದು ಹೇಳಿ
ಕಲ್ಲು ಹಿಡಿದು ಬಾವಿಯ ಮೆಟ್ಟಿಲಿಗೆ ಹೋಗಿ ಕೂತೆ.
ನೀರಿರಲಿಲ್ಲ. ಕೆಳಗೆ ಒಂದು ಚಪ್ಪಲಿ, ಪಾರಿವಾಳದ ಗುಟುರು.
ಕಲ್ಲು ಬಿಸಿಯಾಗಿತ್ತು, ನನ್ನದೇ ಕೈಯ ಬಿಸಿ.
ಹೆಬ್ಬೆರಳು ತಾನಾಗಿ ಹೋಗಿ ಒಂದು ತಗ್ಗಿನಲ್ಲಿ ಕೂತಿತು,
ನನಗಿಂತ ಮೊದಲು ಯಾರ್‍ಯಾರೋ ತಿಕ್ಕಿ ನುಣುಪಾಗಿಸಿದ ತಗ್ಗು.
ಹದಿನೇಳನೆಯ ದಳ. ಉಳಿದವುಗಳ ಅರ್ಧ;
ಲೆಕ್ಕ ತಪ್ಪಿ, ಜಾಗ ಸಾಲದೆ ಒತ್ತಿ ತೂರಿಸಿದ್ದು.

ಬೈಸಿಕೊಂಡಿರಬೇಕು ಉಳಿ ಹಿಡಿದವನು.
ಹನ್ನೆರಡು ವರ್ಷದವನೋ, ಕಣ್ಣು ಮಂಜಾದ ಮುದುಕನೋ,
ಗುರು ಇತ್ತ ಬರುವುದರೊಳಗೆ ಮುಗಿಸುವ ಅವಸರವೋ.
ಆಮೇಲೆ ಎಸೆಯಲು ಮನಸ್ಸು ಬರಲಿಲ್ಲವೋ ಏನೋ.
ನಾನೂ ಮದುವೆ ಕಾರ್ಡಿನ ಮೇಲೆ ಹೆಸರು ಬರೆಯಲು ಹೋಗಿ
ಕೊನೆಯ ಅಕ್ಷರವನ್ನು ಅಂಚಿಗೆ ಮಡಚಿದವನೇ.

ಇದನ್ನೆಲ್ಲ ಬರೆಯೋಣವೆಂದರೆ
ಕಾಲಂ ಒಂಬತ್ತರ ಅಗಲ ಎರಡು ಬೆರಳು.
‘ಗೊತ್ತಿಲ್ಲ’ ಎಂದು ಬರೆದೆ. ಹೊಡೆದು ಹಾಕಿದೆ.
ಉಳಿದ ಸಂದಿಯಲ್ಲಿ ‘ಬೆಲ್ಲ ಕಾಯಲು’ ಎಂದು ತೂರಿಸಿದೆ,
‘ಲು’ ಗೆರೆ ದಾಟಿ ಸಾಹೇಬರ ಸಹಿಯ ಜಾಗಕ್ಕೆ ಬಿತ್ತು.

ಕಲ್ಲು ಕೊಡಲು ತಿರುಗಿ ಹೋದೆ.
ಹುಲಿಗೆವ್ವ ಹಿತ್ತಲಲ್ಲಿದ್ದಳು.
ಡಬ್ಬಿಯ ಮೇಲೆ, ಅಷ್ಟರಲ್ಲೇ, ಕರಿಯ ಸಾಲು.